ಹಿತ್ತಲ ಅರಿಶಿನ: ಮಡಿಯಿಂದ ಡಬ್ಬಿಯವರೆಗೆ ಕಾಣುವ ದೋಷಗಳು, ಕಾರಣಗಳು, ಪರಿಹಾರಗಳು

ಹಿತ್ತಲಲ್ಲಿ ಒಂದೆರಡು ಮಡಿ ಅರಿಶಿನ ಬೆಳೆದು, ಗೆಡ್ಡೆಯನ್ನು ಮನೆಯಲ್ಲೇ ಬೇಯಿಸಿ, ಒಣಗಿಸಿ, ವರ್ಷದ ಪುಡಿ ಮಾಡಿಕೊಳ್ಳುವವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕೆಮ್ಮಣ್ಣು, ಗಡುಸಾದ ಬೋರ್‌ವೆಲ್ ನೀರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜೋರಾಗುವ ಮಳೆ, ಇವುಗಳನ್ನು ಗಮನದಲ್ಲಿಟ್ಟುಕೊಂಡು ಹೇಳಿದ ಮಾತುಗಳಿವು. ಬೇರೆ ಸೀಮೆಯವರು ತಮ್ಮ ಮಣ್ಣಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಗಿಡದಲ್ಲಿ ಏನೇ ವ್ಯತ್ಯಾಸ ಕಂಡರೂ ಮೊದಲು ಒಂದು ಬೊಗಸೆ ಗೊಬ್ಬರ ಹಾಕುವುದು ನಮ್ಮಲ್ಲಿ ರೂಢಿ. ಅರಿಶಿನದ ಮಟ್ಟಿಗೆ ಈ ರೂಢಿಯಿಂದ ನಷ್ಟವೇ ಹೆಚ್ಚು. ನೀರು ನಿಂತು ಬೇರು ಉಸಿರುಗಟ್ಟಿದ ಗಿಡವೂ ಹಳದಿಯಾಗುತ್ತದೆ, ಹಸಿದ ಗಿಡವೂ ಹಳದಿಯಾಗುತ್ತದೆ. ಮೊದಲನೆಯದಕ್ಕೆ ಗೊಬ್ಬರ ಹಾಕಿದರೆ ಕೊಳೆ ರೋಗ ಬೇಗ ಬರುತ್ತದೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಲಕ್ಷಣಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆ, ಬಳಿಕ ಕಡಿಮೆ ಖರ್ಚಿನ ಉಪಾಯ, ಕೊನೆಯಲ್ಲಿ ಮಾತ್ರ ಹೊರಗಿನ ನೆರವು ಎಂಬ ಕ್ರಮವನ್ನು ಅನುಸರಿಸಲಾಗಿದೆ.

ನೆಟ್ಟು ತಿಂಗಳಾದರೂ ಮೊಳಕೆ ಮೇಲೆ ಬಂದಿಲ್ಲ

ಮೇ-ಜೂನ್‌ನಲ್ಲಿ ನೆಟ್ಟ ಗೆಡ್ಡೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ ಮೊಳೆಯುತ್ತದೆ. ಅದಕ್ಕೂ ಹೆಚ್ಚು ತಡವಾದರೆ ಒಂದು ಕಡೆ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಗೆಡ್ಡೆಯನ್ನೇ ನೋಡಬೇಕು. ಗಟ್ಟಿಯಾಗಿದ್ದು ಕಣ್ಣು ಉಬ್ಬಿದ್ದರೆ ಕಾಯುವುದಷ್ಟೇ ಕೆಲಸ. ಗಟ್ಟಿಯಾಗಿದ್ದೂ ಕಣ್ಣು ಮಲಗಿದ್ದರೆ ಮಣ್ಣಿನಲ್ಲಿ ತೇವ ಸಾಲದು, ಅಥವಾ ಗೆಡ್ಡೆ ತೀರಾ ಆಳಕ್ಕೆ ಹೋಗಿದೆ. ನಾಲ್ಕೈದು ಸೆಂಟಿಮೀಟರ್ ಆಳ ಸಾಕು. ಮೆತ್ತಗಾಗಿ ನಾರುತ್ತಿದ್ದರೆ ಬಿತ್ತನೆಯ ಗೆಡ್ಡೆಯಲ್ಲೇ ರೋಗವಿತ್ತು ಅಥವಾ ಮಡಿಯಲ್ಲಿ ನೀರು ನಿಂತಿದೆ ಎಂದರ್ಥ. ಗೆಡ್ಡೆ ಟೊಳ್ಳಾಗಿ, ಸುತ್ತ ಮಣ್ಣಿನ ಸುರಂಗಗಳು ಕಂಡರೆ ಅದು ಗೆದ್ದಲಿನ ಕೆಲಸ. ಅರೆಕಳಿತ ತಿಪ್ಪೆ ಗೊಬ್ಬರ ಹಾಕಿದ ಮಡಿಗೇ ಗೆದ್ದಲು ಮತ್ತು ಗೊಣ್ಣೆ ಹುಳು ಮೊದಲು ಬರುತ್ತವೆ.

ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಅಂಗಡಿಯ ಉಪಕರಣವೇನೂ ಬೇಕಿಲ್ಲ. ರಾಶಿಯ ನಡುವೆ ಕೈ ಹಾಕಿದಾಗ ಬಿಸಿ ತಟ್ಟಬಾರದು. ಮುಷ್ಟಿಯಲ್ಲಿ ಹಿಡಿದಾಗ ಸಗಣಿಯ ವಾಸನೆ ಬರದೆ ಮಳೆ ಬಿದ್ದ ನೆಲದ ವಾಸನೆ ಬರಬೇಕು. ಹುಲ್ಲು, ಎಲೆ ಯಾವುದೆಂದು ಗುರುತು ಸಿಗಬಾರದು. ಇನ್ನೂ ಅನುಮಾನವಿದ್ದರೆ ಒಂದು ಲೋಟದಲ್ಲಿ ಗೊಬ್ಬರ, ಇನ್ನೊಂದರಲ್ಲಿ ಬರಿಯ ಹಿತ್ತಲ ಮಣ್ಣು ತುಂಬಿ ಎರಡರಲ್ಲೂ ಒಂದಿಷ್ಟು ಮೆಂತ್ಯ ಉದುರಿಸಿ ಒಂದು ವಾರ ನೋಡಬೇಕು. ಗೊಬ್ಬರದಲ್ಲಿ ಮೆಂತ್ಯ ಮೊಳೆಯದಿದ್ದರೆ, ಮೊಳೆತೂ ಬೇರು ಕಂದಾದರೆ, ಅದನ್ನು ಇನ್ನೂ ಒಂದೆರಡು ತಿಂಗಳು ಕಳಿಯಲು ಬಿಡಬೇಕು.

ಎಲೆ ಹಳದಿಯಾಗುತ್ತಿದೆ

ಎಲ್ಲರೂ ಗಾಬರಿಯಾಗುವ ಲಕ್ಷಣವಿದು, ತಪ್ಪಾಗಿ ಓದುವ ಲಕ್ಷಣವೂ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ತಿಂಗಳು ಲೆಕ್ಕ ಹಾಕಬೇಕು. ಅರಿಶಿನವು ತಳಿಗೆ ಅನುಗುಣವಾಗಿ ಏಳರಿಂದ ಒಂಬತ್ತು ತಿಂಗಳ ಬೆಳೆ. ಜೂನ್‌ನಲ್ಲಿ ನೆಟ್ಟ ಗಿಡ ಜನವರಿ-ಫೆಬ್ರವರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹಳದಿಯಾಗಿ ಒಣಗಿದರೆ ಅದು ರೋಗವಲ್ಲ, ಬಲಿತ ಗುರುತು. ಆ ಹೊತ್ತಿನಲ್ಲಿ ನೀರು, ಗೊಬ್ಬರ ಎರಡನ್ನೂ ನಿಲ್ಲಿಸಬೇಕು. ಮಳೆಗಾಲದಲ್ಲೇ ಹಳದಿಯಾದರೆ ಮಾತ್ರ ಮುಂದಿನ ಪರೀಕ್ಷೆಗಳು ಬೇಕಾಗುತ್ತವೆ.

ಎರಡನೆಯದಾಗಿ ನೀರು ಬಸಿಯುವ ಪರೀಕ್ಷೆ. ಮಡಿಯ ಪಕ್ಕದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಒಂದು ಕಡ್ಡಿಯ ಮೇಲೆ ಗುರುತು ಮಾಡಿ ನೋಡಬೇಕು. ಗಂಟೆಗೆ ಒಂದು ಅಂಗುಲಕ್ಕಿಂತ ಕಡಿಮೆ ಇಳಿದರೆ ಆ ಜಾಗದಲ್ಲಿ ಬಸಿಗಾಲುವೆ ಇಲ್ಲದೆ ಅರಿಶಿನ ಬೆಳೆಯುವುದು ಕಷ್ಟ. ನಮ್ಮ ಕೆಮ್ಮಣ್ಣು ಮೇಲೆ ಹುಡಿಯಾಗಿದ್ದರೂ ಕೆಳಗೆ ಗಟ್ಟಿ ಪದರ ಕಟ್ಟಿರುವುದು ಸಾಮಾನ್ಯ. ಮನೆ ಕಟ್ಟುವಾಗ ಸಿಮೆಂಟು, ಜಲ್ಲಿ ಸುರಿದ ಹಿತ್ತಲಾದರೆ ಇನ್ನೂ ಹೆಚ್ಚು. ಇದಕ್ಕೆ ಪರಿಹಾರ ಗೊಬ್ಬರವಲ್ಲ. ಮಡಿಯನ್ನು ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿ, ಸುತ್ತ ಕಾಲುವೆ ತೆಗೆದು, ನೀರು ಹೋಗಲು ದಾರಿ ಮಾಡುವುದು. ಕುಂಡದಲ್ಲಿ ಬೆಳೆದವರು ತಳದ ತೂತು ಮುಚ್ಚಿದೆಯೇ ಎಂದು ಕಡ್ಡಿ ಚುಚ್ಚಿ ನೋಡಬೇಕು.

ಬಸಿಯುವಿಕೆ ಸರಿಯಾಗಿದ್ದರೆ ಯಾವ ಎಲೆ ಮೊದಲು ಹಳದಿಯಾಯಿತು ಎಂಬುದನ್ನು ಗಮನಿಸಬೇಕು. ಗಿಡದ ಬುಡದ ಹಳೆಯ ಎಲೆಗಳು ಇಡಿಯಾಗಿ ತಿಳಿ ಹಳದಿಯಾಗಿ, ಹೊಸ ಎಲೆಗಳು ಹಸಿರಾಗಿಯೇ ಇದ್ದರೆ ಅದು ಸಾರಜನಕದ ಕೊರತೆ. ಹಳೆಯ ಎಲೆಯ ಅಂಚು ಮಾತ್ರ ಕಂದಾಗಿ ಒಣಗುತ್ತ ಬಂದರೆ ಪೊಟ್ಯಾಷ್ ಸಾಲದು. ಸುಳಿಯಿಂದ ಬಂದ ಹೊಸ ಎಲೆಯೇ ಬಿಳಿಚಿಕೊಂಡು, ನರಗಳು ಮಾತ್ರ ಹಸಿರು ಗೆರೆಗಳಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ನಮ್ಮ ಮೂರು ಜಿಲ್ಲೆಗಳಲ್ಲಿ ಈ ಕೊನೆಯದನ್ನು ಸಾರಜನಕದ ಕೊರತೆಯೆಂದೇ ಭಾವಿಸಿ ಗೊಬ್ಬರ ಸುರಿಯುವವರು ಬಹಳ. ಕೆಮ್ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದಿಂದ. ಆದರೂ ಗಡುಸು ನೀರನ್ನೇ ಕುಡಿಸುತ್ತ ಬಂದರೆ ಮಣ್ಣು ಕ್ಷಾರವಾಗಿ, ಅದರಲ್ಲಿರುವ ಕಬ್ಬಿಣ ಬೇರಿಗೆ ಎಟುಕುವುದಿಲ್ಲ.

ಸಾರಜನಕದ ಕೊರತೆಗೆ ನಿಧಾನವಾದರೂ ನಂಬಬಹುದಾದ ಮದ್ದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ನೆಡುವಾಗಲೇ ಒಂದು ಚದರ ಮೀಟರ್ ಮಡಿಗೆ ಮೂರರಿಂದ ನಾಲ್ಕು ಕಿಲೋ ಗೊಬ್ಬರ, ಸುಮಾರು 200 ಗ್ರಾಂ ಬೇವಿನ ಹಿಂಡಿ ಸೇರಿಸಿದ್ದರೆ ಸಾಮಾನ್ಯವಾಗಿ ಈ ಸಮಸ್ಯೆಯೇ ಬರುವುದಿಲ್ಲ. ನಡುವೆ ಕೊರತೆ ಕಂಡರೆ ಕಳೆ ಕಿತ್ತು, ಬುಡದಿಂದ ಗೇಣು ದೂರದಲ್ಲಿ ಎರೆಗೊಬ್ಬರ ಉದುರಿಸಿ, ಮಣ್ಣು ಏರಿಸಿ, ಮೇಲೆ ಹೊಂಗೆ ಸೊಪ್ಪು ಅಥವಾ ಗ್ಲಿರಿಸಿಡಿಯಾ ಸೊಪ್ಪಿನ ಹೊದಿಕೆ ಕೊಡಬೇಕು. ನೆಟ್ಟ 40 ಮತ್ತು 90 ದಿನಗಳ ಸುಮಾರಿಗೆ ಈ ಕೆಲಸ ಮಾಡಿದರೆ ಗೆಡ್ಡೆ ಇಳಿಯುವ ಹೊತ್ತಿಗೆ ಸರಿಯಾಗಿ ಒದಗುತ್ತದೆ.

ಇಲ್ಲಿ ಎರಡು ಸ್ಥಳೀಯ ಪದಾರ್ಥಗಳ ಬಗ್ಗೆ ಹೇಳಲೇಬೇಕು. ತಿಪಟೂರು, ಗುಬ್ಬಿ ಕಡೆ ತೆಂಗಿನ ನಾರಿನ ಪುಡಿ ಕೈಗೆಟುಕುವಷ್ಟು ಸಿಗುವುದರಿಂದ ಅದನ್ನು ಹಸಿಯಾಗಿಯೇ ಮಡಿಗೆ ಸುರಿಯುತ್ತಾರೆ. ಹಸಿ ನಾರಿನ ಪುಡಿಯಲ್ಲಿ ಇಂಗಾಲ ಬಹಳ, ಸಾರಜನಕ ಅತ್ಯಲ್ಪ. ಅದನ್ನು ಕೊಳೆಸಲು ಬರುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಒಗರು ಮತ್ತು ಉಪ್ಪಿನ ಅಂಶವೂ ಅದರಲ್ಲಿರುತ್ತದೆ. ಎರಡು-ಮೂರು ಬಾರಿ ಸಿಹಿನೀರಿನಲ್ಲಿ ತೊಳೆದು, ಸಗಣಿಯ ಜೊತೆ ಕಳಿಸಿದ ಮೇಲೆ ಅದೇ ಪುಡಿ ಕೆಮ್ಮಣ್ಣಿನಲ್ಲಿ ತೇವ ಹಿಡಿದಿಡಲು ತುಂಬ ಒಳ್ಳೆಯದು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಹುಳುವಿನ ಹಿಕ್ಕೆಯದು ಇದಕ್ಕೆ ವಿರುದ್ಧ ಸ್ವಭಾವ. ಅದರಲ್ಲಿ ಸಾರಜನಕ ಹೇರಳವಾಗಿದ್ದು, ಹಸಿಯಾಗಿ ಹಾಕಿದರೆ ಬಿಸಿಯೇರಿ ಬೇರು ಸುಡುತ್ತದೆ. ಹುಳು ಮನೆಯಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿರುತ್ತಾರಾದ್ದರಿಂದ ಹಾಸಿಗೆಯ ಕಸವನ್ನು ಒಣ ಎಲೆ, ಹುಲ್ಲಿನೊಂದಿಗೆ ಗುಂಡಿಯಲ್ಲಿ ಪೂರ್ತಿ ಕಳಿಸಿಯೇ ಬಳಸಬೇಕು.

ಕೆರೆಗೋಡಿನ, ಅಂದರೆ ಕೆರೆಯ ತಳದ ಹೂಳು ಮಣ್ಣಿನ, ವಿಷಯದಲ್ಲೂ ಒಂದು ಎಚ್ಚರಿಕೆ ಇದೆ. ಮರಳು ಹೆಚ್ಚಿರುವ ಕೆಮ್ಮಣ್ಣಿಗೆ ಹಳೆಯ ಕೆರೆಯ ಗೋಡು ವರದಾನವೇ ಸರಿ. ಮಡಿಯ ಮಣ್ಣಿನ ನಾಲ್ಕನೇ ಒಂದು ಭಾಗ ಮೀರದಂತೆ ಸೇರಿಸಿದರೆ ತೇವ ನಿಲ್ಲುತ್ತದೆ. ಆದರೆ 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೂ, ಆಮೇಲೆ ಬಂದ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರುತ್ತಿದೆ. ಅಂತಹ ಕೆರೆಯ ಗೋಡನ್ನು ಮಣ್ಣಿನೊಳಗೇ ಬೆಳೆಯುವ, ನಾವು ದಿನವೂ ತಿನ್ನುವ ಗೆಡ್ಡೆಗೆ ಬಳಸುವ ಮುನ್ನ ಭಾರ ಲೋಹಗಳ ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಸಾಧ್ಯವಿಲ್ಲದಿದ್ದರೆ ಆ ಗೋಡನ್ನು ಹೂವಿನ ಗಿಡಕ್ಕೆ ಹಾಕಿ, ಅರಿಶಿನದ ಮಡಿಗೆ ಬೇಡ.

ಎಲೆಯ ತುದಿ ಸುಟ್ಟಂತಿದೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆ

ಇದು ನೀರಿನ ದೋಷ. ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆಯೇ, ಸೋಪು ನೊರೆ ಬಿಡಲು ಹಟ ಮಾಡುತ್ತದೆಯೇ ಎಂದು ನೋಡಿದರೆ ಬೋರ್‌ವೆಲ್ ನೀರು ಎಷ್ಟು ಗಡುಸು ಎಂಬುದು ಗೊತ್ತಾಗುತ್ತದೆ. ಅಂಥ ನೀರಿದ್ದ ಕಡೆ ಒಲೆಯ ಬೂದಿಯನ್ನು ಮಡಿಗೆ ಹಾಕುವುದನ್ನು ಮೊದಲು ನಿಲ್ಲಿಸಬೇಕು. ಬೂದಿಯಲ್ಲಿ ಪೊಟ್ಯಾಷ್ ಇರುವುದು ನಿಜ, ಆದರೆ ಅದು ಸುಣ್ಣದಂತೆಯೇ ಕ್ಷಾರ. ಆಗಲೇ ಕ್ಷಾರವಾಗಿರುವ ಮಣ್ಣಿಗೆ ಮತ್ತಷ್ಟು ಕ್ಷಾರ ಸೇರಿ ಕಬ್ಬಿಣದ ಕೊರತೆ ಹೆಚ್ಚುತ್ತದೆ. ಹುಳಿ ಮಣ್ಣಿರುವ ಮಲೆನಾಡಿಗೆ ಹೇಳಿದ ಬೂದಿಯ ಪಾಠವನ್ನು ಬಯಲುಸೀಮೆಗೆ ಹಾಗೆಯೇ ತರಬಾರದು.

ಎರಡನೆಯ ಹೆಜ್ಜೆ ಮಳೆ ನೀರು. ಚಾವಣಿಯಿಂದ ಬೀಳುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ವಾರಕ್ಕೊಮ್ಮೆ ಮಡಿಗೆ ಧಾರಾಳವಾಗಿ ಕೊಟ್ಟರೆ ಉಪ್ಪು ಕೆಳಕ್ಕೆ ಇಳಿಯುತ್ತದೆ. ನೀರು ಬಸಿಯುವ ಮಡಿಯಲ್ಲಿ ಮಾತ್ರ ಇದರಿಂದ ಉಪಯೋಗ. ದಪ್ಪ ಸೊಪ್ಪಿನ ಹೊದಿಕೆಯಿದ್ದರೆ ನೀರು ಆವಿಯಾಗುವುದು ಕಡಿಮೆಯಾಗಿ, ಉಪ್ಪು ಮೇಲಕ್ಕೆ ಬರುವುದೂ ಕಡಿಮೆಯಾಗುತ್ತದೆ. ಹೊಸ ಎಲೆ ಇನ್ನೂ ಬಿಳಿಚಿಕೊಂಡೇ ಇದ್ದರೆ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರ್ ನೀರಿಗೆ ಐದು ಗ್ರಾಂನಂತೆ ಕರಗಿಸಿ, ಸ್ವಲ್ಪ ನಿಂಬೆ ರಸ ಸೇರಿಸಿ, ಸಂಜೆ ಹೊತ್ತು ಒಂದೆರಡು ಎಲೆಗೆ ಮೊದಲು ಸಿಂಪಡಿಸಿ ನೋಡಬೇಕು. ಎರಡು ದಿನದಲ್ಲಿ ಎಲೆ ಸುಡದಿದ್ದರೆ ಉಳಿದ ಗಿಡಕ್ಕೂ ಕೊಡಬಹುದು. ಅನ್ನಭೇದಿಯನ್ನು ಮಕ್ಕಳ ಕೈಗೆ ಸಿಗದಂತೆ, ಅಡುಗೆಮನೆಯಿಂದ ದೂರ ಇಡಬೇಕು. ಮಗು ನುಂಗಿದರೆ ಪ್ರಾಣಾಪಾಯ.

ಗಿಡ ಹಿಡಿದೆಳೆದರೆ ಕೈಗೇ ಬರುತ್ತದೆ

ಬುಡದ ಎಲೆಗಳು ಅಂಚಿನಿಂದ ಒಣಗಿ, ಮಣ್ಣಿಗೆ ತಾಗುವಲ್ಲಿ ಕಾಂಡ ನೀರುಂಡಂತೆ ಮೆತ್ತಗಾಗಿ, ಮೆಲ್ಲಗೆ ಎಳೆದರೂ ಕಳಚಿ ಬಂದರೆ ಅದು ಗೆಡ್ಡೆ ಕೊಳೆ ರೋಗ. ಅಗೆದು ಕತ್ತರಿಸಿ ನೋಡಿದಾಗ ಕಿತ್ತಳೆ ಬಣ್ಣದ ಬದಲು ಕಂದು ಬಣ್ಣ, ಕೆಟ್ಟ ವಾಸನೆ ಇರುತ್ತದೆ. ಪಿಥಿಯಮ್ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಇದಕ್ಕೆ ಮುಖ್ಯ ಕಾರಣ. ನೀರು ನಿಂತ ಮಡಿಯಲ್ಲಿ ಅದು ಬೇಗ ಹರಡುತ್ತದೆ.

ಈ ಹಂತದಲ್ಲಿ ರೋಗ ತಗುಲಿದ ಗಿಡವನ್ನು ಉಳಿಸಲು ಹೋಗಬಾರದು. ಸುತ್ತಲ ಮಣ್ಣಿನ ಸಮೇತ ಕಿತ್ತು, ಮಡಿಯಿಂದ ದೂರ ಒಯ್ದು ಒಣಗಿಸಿ ಸುಡಬೇಕು; ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ರೋಗವೂ ಮಡಿಗೆ ಮರಳುತ್ತದೆ. ಗುದ್ದಲಿ, ಕೈ ಎರಡನ್ನೂ ತೊಳೆದೇ ಪಕ್ಕದ ಗಿಡ ಮುಟ್ಟಬೇಕು. ಉಳಿದ ಗಿಡಗಳ ಸುತ್ತ ಕಾಲುವೆ ಆಳ ಮಾಡಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿದ ಗೊಬ್ಬರ ಕೊಡಬಹುದು. ಕಳಿತ ಗೊಬ್ಬರಕ್ಕೆ ಕಿಲೋಗೆ ಹತ್ತು ಗ್ರಾಂನಂತೆ ಟ್ರೈಕೋಡರ್ಮಾ ಪುಡಿ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಹತ್ತು-ಹದಿನೈದು ದಿನ ಇಟ್ಟರೆ ಅದು ಗೊಬ್ಬರದ ತುಂಬ ಹಬ್ಬುತ್ತದೆ. ಇದು ಬರುವುದನ್ನು ತಡೆಯುವ ಉಪಾಯವೇ ಹೊರತು ಬಂದ ರೋಗವನ್ನು ವಾಸಿ ಮಾಡುವುದಲ್ಲ. ಆ ಮಡಿಯಲ್ಲಿ ಮುಂದಿನ ಎರಡು-ಮೂರು ವರ್ಷ ಅರಿಶಿನವನ್ನಾಗಲಿ ಶುಂಠಿಯನ್ನಾಗಲಿ ನೆಡಬಾರದು; ರಾಗಿ, ಅವರೆ, ಚೆಂಡು ಹೂ ಯಾವುದಾದರೂ ಆಗಬಹುದು. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವಿಗೆ ಚೆಂಡು ಹೂ ಆಗಿಬರುವುದಿಲ್ಲವಾದ್ದರಿಂದ ಅದಕ್ಕೆ ನನ್ನ ಮೊದಲ ಓಟು.

ಗೆಡ್ಡೆ ಅರ್ಧ ಮಾತ್ರ ಕೊಳೆತಿದ್ದರೆ ಒಳ್ಳೆಯ ಭಾಗವನ್ನು ಉಳಿಸಿ ಬೇಯಿಸುವ ಆಸೆ ಸಹಜ. ಅದು ಬೇಡ. ಬಿತ್ತನೆಗಂತೂ ಆ ಮಡಿಯ ಒಂದು ತುಂಡನ್ನೂ ಇಟ್ಟುಕೊಳ್ಳಬಾರದು.

ಸುಳಿ ಮಾತ್ರ ಒಣಗಿದೆ, ಅಥವಾ ಎಲೆಯಲ್ಲಿ ಚುಕ್ಕೆಗಳಿವೆ

ನಡುಸುಳಿ ಒಣಗಿ, ಕಾಂಡದಲ್ಲಿ ಸಣ್ಣ ತೂತು, ತೂತಿನ ಬಾಯಲ್ಲಿ ಹುಡಿಯಂಥ ಹಿಕ್ಕೆ ಕಂಡರೆ ಕಾಂಡ ಕೊರಕ. ಹಿತ್ತಲಿನ ಮಟ್ಟಿಗೆ ಆ ಕಾಂಡವನ್ನು ಸೀಳಿ ಹುಳುವನ್ನು ತೆಗೆದು ಸಾಯಿಸುವುದೇ ಸಾಕು. ಜುಲೈನಿಂದ ಅಕ್ಟೋಬರ್‌ವರೆಗೆ ಮೂರು ವಾರಕ್ಕೊಮ್ಮೆ ಲೀಟರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸೋಪು ಬೆರೆಸಿ ಸಿಂಪಡಿಸಿದರೆ ಹೊಸದಾಗಿ ಬರುವುದು ಕಡಿಮೆಯಾಗುತ್ತದೆ. ಎಲೆಯ ಚುಕ್ಕೆಗಳು ಬೂದು ನಡುವಿನೊಂದಿಗೆ ಕಂದು ಅಂಚಿದ್ದರೆ ಎಲೆಚುಕ್ಕೆ ರೋಗ. ಆ ಎಲೆಗಳನ್ನು ಕತ್ತರಿಸಿ ಸುಟ್ಟು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಬೇಕು. ಹಬ್ಬುತ್ತಲೇ ಹೋದರೆ ಮಾತ್ರ ಶೇಕಡಾ 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ತಿಳಿದವರಿಂದ ಮಾಡಿಸಿಕೊಳ್ಳಬೇಕು.

ಗಿಡ ಆಳೆತ್ತರ, ಗೆಡ್ಡೆ ಬೆರಳಷ್ಟು

ಸೊಂಪಾದ ಎಲೆ, ಸಣ್ಣ ಗೆಡ್ಡೆ ಎಂದರೆ ಸಾರಜನಕ ಹೆಚ್ಚಾಗಿದೆ, ಅಥವಾ ನೆರಳು ಹೆಚ್ಚಾಗಿದೆ, ಅಥವಾ ಬೇಗ ಕಿತ್ತಿದ್ದೀರಿ. ಕೋಳಿ ಗೊಬ್ಬರ, ಕಡಲೆಕಾಯಿ ಹಿಂಡಿ, ರೇಷ್ಮೆ ಹಿಕ್ಕೆ ಇವನ್ನು ಒಟ್ಟೊಟ್ಟಿಗೆ ಕೊಟ್ಟ ಮಡಿಗಳಲ್ಲಿ ಹೀಗಾಗುತ್ತದೆ. ತೆಂಗಿನ ಅಡಿಯ ತೆಳು ನೆರಳು ಅರಿಶಿನಕ್ಕೆ ಒಗ್ಗುತ್ತದೆ. ಹಲಸು, ಹುಣಸೆಯ ದಟ್ಟ ನೆರಳು ಒಗ್ಗುವುದಿಲ್ಲ. ಮಣ್ಣು ಏರಿಸದೆ ಬಿಟ್ಟರೂ ಗೆಡ್ಡೆಗೆ ಇಳಿಯಲು ಜಾಗವಿರುವುದಿಲ್ಲ. ಸಂಕ್ರಾಂತಿಯ ಪೂಜೆಗೆ ಹಸಿರೆಲೆ ಸಮೇತ ಕೀಳುವ ಗಿಡ ಪೂಜೆಗೂ, ಹಸಿ ಅರಿಶಿನದ ಅಡುಗೆಗೂ ಸರಿ. ಅದನ್ನೇ ಬೇಯಿಸಿ ಒಣಗಿಸಿದರೆ ಸುಕ್ಕುಗಟ್ಟಿ ಬಣ್ಣವಿಲ್ಲದ ಕೊಂಬು ಸಿಗುತ್ತದೆ. ಪುಡಿಗೆಂದು ಇಟ್ಟ ಗಿಡದ ಎಲೆ ಪೂರ್ತಿ ಒಣಗುವವರೆಗೆ ಕಾಯಬೇಕು.

ಇಷ್ಟು ನೋಡಿದರೂ ಕಾರಣ ಸಿಗದಿದ್ದರೆ

ಒಂದೇ ವಾರದಲ್ಲಿ ಮಡಿಯ ಅರ್ಧದಷ್ಟು ಗಿಡ ಕುಸಿದರೆ, ಅಥವಾ ಎರಡು ವರ್ಷ ಸತತವಾಗಿ ಅದೇ ಲಕ್ಷಣ ಮರುಕಳಿಸಿದರೆ, ಮನೆಮದ್ದು ನಿಲ್ಲಿಸಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬೇಕು. ತುಮಕೂರು ಜಿಲ್ಲೆಯವರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ, ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿಯ ಕುರುಬೂರಿನಲ್ಲಿ ಕೇಂದ್ರಗಳಿವೆ. ಮಣ್ಣಿನ ಮಾದರಿಯನ್ನು ಗೊಬ್ಬರ ಹಾಕಿದ ಜಾಗ ಬಿಟ್ಟು ನಾಲ್ಕೈದು ಕಡೆ ಗೇಣಾಳದಿಂದ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಒಯ್ಯಬೇಕು. ಬೋರ್‌ವೆಲ್ ನೀರನ್ನು ಹತ್ತು ನಿಮಿಷ ಹರಿಯಬಿಟ್ಟು ಶುಭ್ರವಾದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯಬೇಕು. ರೋಗದ ಗಿಡವನ್ನು ಬೇರು, ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಅದೇ ದಿನ ತಲುಪಿಸಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆತು ಮೂಲ ಲಕ್ಷಣ ಅಳಿಸಿಹೋಗುತ್ತದೆ.

ಮಡಿಯ ಕೆಲಸ ಮಾಡುವಾಗ ದಪ್ಪ ಹೊದಿಕೆಯೊಳಗೆ ಬರಿಗೈ ಹಾಕಬಾರದು. ತಂಪಿಗೆ ಹಾವು, ಚೇಳು ಅಲ್ಲಿ ಸೇರುತ್ತವೆ. ಮೊದಲು ಕೋಲಿನಿಂದ ಸೊಪ್ಪು ಸರಿಸಬೇಕು. ಸಗಣಿ ಗೊಬ್ಬರ ಮುಟ್ಟುವ ಕೈಯಲ್ಲಿ ಗಾಯವಿದ್ದರೆ ಕೈಗವಸು ಬೇಕು, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಬೇಕು.

ಬೇಯಿಸಿದ ಗೆಡ್ಡೆಯ ಒಳಗೆ ಬಿಳಿ ತಿರುಳು, ಅಥವಾ ಮುಟ್ಟಿದರೆ ಒಡೆಯುತ್ತದೆ

ಬೇಯಿಸುವುದು ಮೃದು ಮಾಡುವುದಕ್ಕಷ್ಟೇ ಅಲ್ಲ. ಹಸಿ ವಾಸನೆ ಹೋಗಲು, ಬಣ್ಣ ಒಳಗೆಲ್ಲ ಸಮನಾಗಿ ಹರಡಲು, ಬೇಗ ಒಣಗಲು ಇದೇ ಹಂತ ಆಧಾರ. ಆದ್ದರಿಂದ ಕೊಂಬಿನ ದೋಷಗಳಲ್ಲಿ ಬಹುಪಾಲು ಈ ಒಂದು ಗಂಟೆಯಲ್ಲೇ ಹುಟ್ಟುತ್ತವೆ.

ಒಂದು ಕೊಂಬು ಮುರಿದು ನೋಡಬೇಕು. ನಡುವೆ ತಿಳಿ ಬಿಳಿ ಅಥವಾ ಮಾಸಲು ತಿರುಳು, ಹೊರಗೆ ಮಾತ್ರ ಹಳದಿ ಇದ್ದರೆ ಬೆಂದಿಲ್ಲ. ಒಣಗಿದ ಮೇಲೆ ಅದು ಪುಡಿಪುಡಿಯಾಗಿ ಒಡೆಯುತ್ತದೆ. ತಿರುಳು ಮುದ್ದೆಯಾಗಿ, ಬಣ್ಣ ಮಂಕಾಗಿ, ಬೇಯಿಸಿದ ನೀರೇ ಗಾಢ ಹಳದಿಯಾಗಿದ್ದರೆ ಅತಿಯಾಗಿ ಬೆಂದಿದೆ. ದಪ್ಪ ತಾಯಿ ಗೆಡ್ಡೆ ಮತ್ತು ಸಣ್ಣ ಬೆರಳು ಗೆಡ್ಡೆಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಎರಡೂ ದೋಷ ಒಟ್ಟಿಗೆ ಕಾಣುತ್ತವೆ. ಮೊದಲು ಅವನ್ನು ಬೇರ್ಪಡಿಸಬೇಕು.

ಕಿತ್ತ ಎರಡು-ಮೂರು ದಿನದೊಳಗೆ ತೊಳೆದು, ಗೆಡ್ಡೆ ಮುಳುಗುವಷ್ಟು ಮಾತ್ರ ನೀರು ಹಾಕಿ, ಸಮನಾದ ಉರಿಯಲ್ಲಿ 45ರಿಂದ 60 ನಿಮಿಷ ಬೇಯಿಸಬೇಕು. ನೊರೆ ಉಕ್ಕಿ, ಬಿಳಿ ಹಬೆಯ ಜೊತೆ ಬೆಂದ ಅರಿಶಿನದ ಘಮ ಬರುತ್ತದೆ. ಆಗ ಒಂದು ಗೆಡ್ಡೆ ತೆಗೆದು ಮೊಂಡು ಕಡ್ಡಿಯಿಂದ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು, ಬೆರಳಿನಲ್ಲಿ ಒತ್ತಿದರೆ ಬಗ್ಗಬೇಕು. ಗಡಿಯಾರಕ್ಕಿಂತ ಈ ಕಡ್ಡಿಯನ್ನೇ ನಂಬಬೇಕು. ಅರೆಬೆಂದ ರಾಶಿ ಇನ್ನೂ ಹಸಿಯಾಗಿದ್ದರೆ ಅದೇ ದಿನ ಮತ್ತೆ ಬೇಯಿಸಬಹುದು. ಒಣಗಿದ ಮೇಲೆ ಸರಿಪಡಿಸಲು ಆಗುವುದಿಲ್ಲ.

ಉಕ್ಕುವ ನೊರೆ ಬಿಸಿಯಾಗಿ ಹೊರಚೆಲ್ಲುವುದರಿಂದ ಪಾತ್ರೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಬಾರದು, ಮಕ್ಕಳನ್ನು ಒಲೆಯ ಹತ್ತಿರ ಬಿಡಬಾರದು. ಕುಕ್ಕರಿನಲ್ಲಿ ಮುಚ್ಚಿ ಬೇಯಿಸುವುದೂ ಬೇಡ. ಅಟ್ಟದಿಂದ ಇಳಿಸಿದ ಹಳೆಯ ತಾಮ್ರದ ಹಂಡೆಯ ಒಳಗೆ ಹಸಿರು ಕಿಲುಬು ಇದ್ದರೆ ಅದನ್ನು ಈ ಕೆಲಸಕ್ಕೆ ಬಳಸಲೇಬಾರದು. ಸ್ಟೀಲ್ ಪಾತ್ರೆ ಕ್ಷೇಮ. ಬೇಯಿಸುವ ನೀರಿಗೆ ಸಗಣಿ ಕದಡುವ ಹಳೆಯ ಪದ್ಧತಿಯನ್ನು ಕೈಬಿಡಬೇಕು. ತಿನ್ನುವ ಪದಾರ್ಥಕ್ಕೆ ಅದು ಸಲ್ಲದು.

ಬಣ್ಣ ಕೆಂಪಗಾಗಿದೆ, ಅಥವಾ ಬಿಳಿಚಿದೆ

ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಎಲ್ಲರೂ ನೋಡಿದ್ದೇವೆ. ಬೇಯಿಸಿದ ನೀರು ಕೆಂಪು ಛಾಯೆಗೆ ತಿರುಗಿದರೂ ಕಾರಣ ಅದೇ, ನೀರು ಕ್ಷಾರವಾಗಿದೆ. ಬಣ್ಣ ಬರಲೆಂದು ಅಡುಗೆ ಸೋಡಾ ಹಾಕಿದ್ದರೆ ಮುಂದೆ ಹಾಕಬೇಡಿ. ಗಡುಸು ನೀರಾದರೆ ಹಿಡಿದಿಟ್ಟ ಮಳೆ ನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರು ಬಳಸಿ. ಬಿಳಿಚಿದ ಕೊಂಬಿಗೆ ಬೇರೆ ಕಾರಣಗಳಿವೆ. ಕೊಂಬುಗಳನ್ನು ಒಂದೊಂದಾಗಿ ತೆಳುವಾಗಿ ಹರಡಿ ದಿನವಿಡೀ ಸುಡು ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಹೋಳು ಮಾಡಿ ಒಣಗಿಸಿದರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣವೂ ಘಮವೂ ಹೆಚ್ಚು ಹೋಗುತ್ತವೆ. ತಳಿಯ ಗುಣವೂ ಇರಬಹುದು: ಎಲ್ಲ ತಳಿಯೂ ಗಾಢ ಬಣ್ಣದ್ದಲ್ಲ, ಮನೆಯ ಪುಡಿ ಅಂಗಡಿಯ ಪುಡಿಯಷ್ಟು ಹೊಳೆಯದಿದ್ದರೆ ಅದು ದೋಷವೂ ಅಲ್ಲ. ಹೊಳಪಿಗೆಂದು ಯಾವುದೇ ಹಳದಿ ಬಣ್ಣದ ಪುಡಿಯನ್ನು ಹೊರಗಿನಿಂದ ತಂದು ಲೇಪಿಸಬಾರದು. ಅರಿಶಿನಕ್ಕೆ ಬೆರೆಸುವ ಲೆಡ್ ಕ್ರೋಮೇಟ್ ಸೀಸದ ವಿಷ. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ವಾಸಿಯಾಗುವಂಥದ್ದಲ್ಲ.

ಎರಡು ವಾರವಾದರೂ ಒಣಗಿಲ್ಲ, ಬೂಷ್ಟು ಬಂದಿದೆ

ಐದರಿಂದ ಏಳು ಸೆಂಟಿಮೀಟರ್ ದಪ್ಪವಾಗಿ ಚಾಪೆಯ ಮೇಲೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿದರೆ ಹತ್ತರಿಂದ ಹದಿನೈದು ದಿನದಲ್ಲಿ ಒಣಗಬೇಕು. ಒಣಗಿತೇ ಎಂದು ತಿಳಿಯಲು ಎರಡು ಕೊಂಬುಗಳನ್ನು ಒಂದಕ್ಕೊಂದು ಬಡಿದು ನೋಡಿ: ಲೋಹ ತಾಕಿದಂತೆ ಟಣ್ ಎಂದರೆ ಆಯಿತು, ಡಬ್ ಎಂದರೆ ಒಳಗೆ ತೇವವಿದೆ. ಮುರಿದರೆ ಬಾಗದೆ ಪಟ್ಟೆಂದು ಒಡೆಯಬೇಕು. ತೂಗಿ ನೋಡುವವರಿಗೆ ಹಸಿ ಗೆಡ್ಡೆಯ ಐದನೇ ಒಂದು ಭಾಗದ ಸುಮಾರು ತೂಕ ಉಳಿದಿರುತ್ತದೆ. ತಳಿಗೆ ತಕ್ಕಂತೆ ತುಸು ಹೆಚ್ಚು ಕಡಿಮೆಯಾಗಬಹುದು.

ಫೆಬ್ರವರಿಯ ಬಿಸಿಲು ಸಾಲದೆಂದಲ್ಲ, ಆದರೆ ಆ ತಿಂಗಳ ರಾತ್ರಿಯ ಇಬ್ಬನಿ ಹಗಲಿನ ಕೆಲಸವನ್ನು ಅಳಿಸುತ್ತದೆ. ಸಂಜೆಯೇ ಗುಡ್ಡೆ ಮಾಡಿ ಗಾಳಿಯಾಡುವ ಬಟ್ಟೆ ಅಥವಾ ಗೋಣಿ ಹೊದಿಸಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೆ ಬೆವರು ಕೂತು ಬೂಷ್ಟು ಬರುತ್ತದೆ. ಸಗಣಿ ಸಾರಿಸಿದ ನೆಲದ ಮೇಲೆ ನೇರವಾಗಿ ಹರಡುವುದೂ ಬೇಡ.

ಬೂಷ್ಟು ಒಂದೆರಡು ಕೊಂಬಿಗೆ ಮಾತ್ರ ಇದ್ದರೆ ಅವನ್ನು ಎಸೆದು, ಉಳಿದವನ್ನು ಮುರಿದು ಪರೀಕ್ಷಿಸಿ, ತಡಮಾಡದೆ ಬಿಸಿಲಿಗೆ ಹಾಕಬೇಕು. ರಾಶಿಯ ತುಂಬ ಹಸಿರು, ಕಪ್ಪು ಬೂಷ್ಟು ಹಬ್ಬಿ ಮುಗ್ಗಲು ವಾಸನೆ ಬಂದರೆ ಎಲ್ಲವನ್ನೂ ಎಸೆಯಬೇಕು. ತೊಳೆದು ಮತ್ತೆ ಒಣಗಿಸುವುದರಿಂದ ಬೂಷ್ಟಿನ ವಿಷ ಹೋಗುವುದಿಲ್ಲ. ದನಕ್ಕೂ ಹಾಕಬಾರದು.

ಡಬ್ಬಿಯಲ್ಲಿ ತೂತು ಬಿದ್ದ ಕೊಂಬು, ಬಿತ್ತನೆಯಲ್ಲಿ ಸುಕ್ಕಿದ ಗೆಡ್ಡೆ

ಸೂಜಿಮೊನೆಯ ತೂತು, ಡಬ್ಬಿಯ ತಳದಲ್ಲಿ ಹುಡಿ, ಸಣ್ಣ ಕಂದು ದುಂಬಿ ಇದ್ದರೆ ಕೊಂಬು ಪೂರ್ತಿ ಒಣಗಿರಲಿಲ್ಲ ಅಥವಾ ಡಬ್ಬಿಯ ಮುಚ್ಚಳ ಬಿಗಿಯಿರಲಿಲ್ಲ. ತೂತಿನ ಕೊಂಬುಗಳನ್ನು ತೆಗೆದು, ಉಳಿದವನ್ನು ಬಿಸಿಲಿಗಿಟ್ಟು, ಡಬ್ಬಿಯನ್ನು ತೊಳೆದು ಒಣಗಿಸಿ ಮತ್ತೆ ತುಂಬಬಹುದು. ಧಾನ್ಯದ ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯಲ್ಲಿ ಯಾವ ಕಾರಣಕ್ಕೂ ಇಡಬಾರದು. ಅದರಿಂದ ಹೊರಡುವ ಗಾಳಿ ಮಲಗಿದವರನ್ನೇ ಕೊಲ್ಲುತ್ತದೆ. ಇಡೀ ವರ್ಷಕ್ಕೆ ಕೊಂಬಾಗಿ ಇಟ್ಟುಕೊಂಡು, ಎರಡು-ಮೂರು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿಸುವುದು ಒಳ್ಳೆಯದು. ಮನೆಯಲ್ಲೇ ಕುಟ್ಟುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಬಿತ್ತನೆಗೆ ಎತ್ತಿಟ್ಟ ಗೆಡ್ಡೆ ಬೇಸಗೆಯಲ್ಲಿ ಸುಕ್ಕಾದರೆ ಗಾಳಿ ಹೆಚ್ಚಾಗಿದೆ, ಬೆವರಿ ಮೆತ್ತಗಾದರೆ ಗಾಳಿ ಸಾಲದು. ಇಡುವ ಮುನ್ನವೇ ಗೆಡ್ಡೆಯ ಮೇಲೆ ಬೂದು ಹುರುಪೆಯಂತೆ ಅಂಟಿದ ಶಲ್ಕ ಕೀಟವಿದ್ದರೆ ಅಂಥವನ್ನು ಬೇರ್ಪಡಿಸಬೇಕು. ಉಳಿದವನ್ನು ನೆರಳಿರುವ ಕೋಣೆಯ ಮೂಲೆಯಲ್ಲಿ ಒಣ ಮರಳಿನ ಹಾಸಿನ ಮೇಲೆ ರಾಶಿ ಮಾಡಿ, ಅರಿಶಿನದ ಒಣ ಎಲೆಗಳನ್ನೇ ಹೊದಿಸಿ, ತಿಂಗಳಿಗೊಮ್ಮೆ ತೆರೆದು ಕೊಳೆತದ್ದನ್ನು ಆರಿಸಿ ತೆಗೆಯುತ್ತಿದ್ದರೆ ಮೇ ತಿಂಗಳ ಮೊದಲ ಮಳೆಯವರೆಗೆ ಕಣ್ಣುಗಳು ಜೀವಂತವಾಗಿರುತ್ತವೆ.